ರಷ್ಯನ್ ಭಾಷೆಯಲ್ಲಿ ಭಾವನಾತ್ಮಕ ಬುದ್ಧಿಮತ್ತೆಯ ಪರೀಕ್ಷೆ: ಸರಿಯುತ್ತರ ಯಾರು ಹೇಳಬೇಕು?

ರಷ್ಯಾದಲ್ಲಿ ಭಾವನಾತ್ಮಕ ಬುದ್ಧಿಮತ್ತೆ ಎಂದ ಕೂಡಲೇ ಮನಶ್ಶಾಸ್ತ್ರಜ್ಞ ದ್ಮಿತ್ರಿ ಲ್ಯೂಸಿನ್ ಅವರ ‘ಎಮ್‌ಇನ್’ ಪ್ರಶ್ನಾವಳಿಯ ಹೆಸರು ಬರುತ್ತದೆ. ಒಟ್ಟು 46 ಹೇಳಿಕೆ, ಪ್ರತಿಯೊಂದಕ್ಕೂ 4 ಆಯ್ಕೆ. ಬೇರೆಯವರ ಭಾವನೆ ತಿಳಿಯುವುದು, ನಿಭಾಯಿಸುವುದು, ನಮ್ಮದನ್ನು ತಿಳಿಯುವುದು, ನಿಭಾಯಿಸುವುದು, ಮುಖದಲ್ಲಿ ಕಾಣದಂತೆ ಹಿಡಿದಿಡುವುದು ಎಂದು ಬೇರೆಬೇರೆ ಅಂಕ. ಅಚ್ಚುಕಟ್ಟಾದ ಕೆಲಸವೇ. ಆದರೆ ಅದನ್ನು ಪರೀಕ್ಷೆ ಎನ್ನಬಾರದು. ‘ಎದುರಿನವರ ಮನಸ್ಸು ನನಗೆ ಬೇಗ ತಿಳಿಯುತ್ತದೆ’ ಎಂದು ಗುರುತು ಹಾಕಿದವರಿಗೆ ನಿಜಕ್ಕೂ ತಿಳಿಯುತ್ತದೆಯೇ ಎಂದು ಅದು ನೋಡುವುದಿಲ್ಲ. ತನ್ನ ಬಗ್ಗೆ ತಾನೇ ಕೊಟ್ಟ ಅಂಕಕ್ಕೂ ಸಾಮರ್ಥ್ಯ ಪರೀಕ್ಷೆಯ ಅಂಕಕ್ಕೂ ಇರುವ ಸಹಸಂಬಂಧ (ಎರಡೂ ಎಷ್ಟು ಜೊತೆಯಾಗಿ ಏರಿಳಿಯುತ್ತವೆ ಎಂಬ ಅಳತೆ, 1 ಎಂದರೆ ಪೂರ್ಣ) ಸಾಮಾನ್ಯವಾಗಿ 0.2ರ ಆಸುಪಾಸು, ಅಷ್ಟೇ. ಲ್ಯೂಸಿನ್ ಅವರೇ ಮುಂದೆ ಓವ್‌ಸ್ಯಾನ್ನಿಕೋವಾ ಅವರ ಜೊತೆ ವಿಡಿಯೊ ತೋರಿಸಿ ಭಾವ ಗುರುತಿಸುವಿಕೆಯನ್ನು ಅಳೆಯುವ ಪರೀಕ್ಷೆ ಮಾಡಿದ್ದು ಸರಿಯಾದ ದಾರಿ.

ಇನ್ನೊಂದು ದಾರಿ, ಮೇಯರ್, ಸಾಲೊವಿ, ಕರೂಸೊ ಅವರ 141 ಪ್ರಶ್ನೆಗಳ ಸಾಮರ್ಥ್ಯ ಪರೀಕ್ಷೆ ಎಂಎಸ್‌ಸಿಇಐಟಿ. ಇದನ್ನು ಸೆರ್ಗಿಯೆಂಕೊ ಮತ್ತು ವೆತ್ರೋವಾ ರಷ್ಯನ್‌ಗೆ ಅಳವಡಿಸಿದರು. ಇಂಥ ಪರೀಕ್ಷೆಯಲ್ಲಿ ಅನುವಾದ ಸುಲಭದ ಭಾಗ, ತಲೆನೋವಿರುವುದು ಕೀಲಿ ಉತ್ತರದಲ್ಲಿ, ಅಂದರೆ ಯಾವುದು ಸರಿಯೆಂದು ನಿರ್ಧರಿಸುವುದರಲ್ಲಿ. ಬಹುಮತದ ಕೀಲಿಯಲ್ಲಿ 200 ಜನರ ಪೈಕಿ 124 ಮಂದಿ ಒಂದು ಆಯ್ಕೆಗೆ ಗುರುತು ಹಾಕಿದ್ದರೆ, ಅದನ್ನು ಆರಿಸಿದವರಿಗೆ 0.62 ಅಂಕ. ಈಗ ನಿಜಕ್ಕೂ ಕಠಿಣವಾದ ಪ್ರಶ್ನೆ ತೆಗೆದುಕೊಳ್ಳಿ. ಐದರಲ್ಲಿ ಒಬ್ಬರಿಗೆ ಮಾತ್ರ ಸರಿ ಹೊಳೆದರೆ ಆ ಜಾಣರಿಗೆ 0.20, ತಪ್ಪಿದ ಬಹುಮತಕ್ಕೆ ಹೆಚ್ಚು! ಹೀಗಾಗಿ ಪರೀಕ್ಷೆಯಲ್ಲಿ ಸುಲಭದ ಪ್ರಶ್ನೆಗಳೇ ಉಳಿಯುತ್ತವೆ, ಅದು ಎಡವುವವರನ್ನು ಹಿಡಿಯುತ್ತದೆಯೇ ಹೊರತು ಮೇಲ್ಮಟ್ಟದವರನ್ನು ಬೇರ್ಪಡಿಸುವುದಿಲ್ಲ. ಮೂಲ ಪರೀಕ್ಷೆಯಲ್ಲಿ ತಜ್ಞರ ಕೀಲಿಗೆ 21 ಸಂಶೋಧಕರನ್ನು ಕೂರಿಸಿದ್ದರು. ಎರಡು ಕೀಲಿಗಳ ಅಂಕಗಳು ಹೆಚ್ಚುಕಡಿಮೆ ಒಂದೇ ಬಂದವು. ಇದನ್ನು ಜಯವೆಂದು ಹೇಳಿಕೊಂಡವರಿದ್ದಾರೆ, ತಜ್ಞರೂ ಬಹುಮತದಂತೆಯೇ ಉತ್ತರಿಸಿದ್ದರೆ ನನಗಂತೂ ಅನುಮಾನ ಹೆಚ್ಚುತ್ತದೆ.

ಅಮೆರಿಕದ ಕೀಲಿಯನ್ನೇ ಮಾಸ್ಕೋಗೆ ಒಯ್ದರೆ ಇನ್ನೊಂದು ತೊಡಕು. ಅಪರಿಚಿತರಿಗೆ ಸುಮ್ಮನೆ ನಗೆ ಬೀರುವ ರೂಢಿ ಅಲ್ಲಿ ಕಡಿಮೆ. ನಗುಮುಖದ ಫೋಟೊಗೆ ‘ಎಷ್ಟು ಸಂತೋಷ?’ ಎಂದು ಕೇಳಿದಾಗ ಎರಡೂ ಕಡೆಯವರು ಒಂದೇ ಅಳತೆ ಹಿಡಿಯುತ್ತಾರೆ ಎಂದು ನಂಬಲು ಆಧಾರ ಬೇಕು. ಅದಕ್ಕೇ ಹೇಳುವುದು, ಪ್ರಶ್ನೆಗಳ ಸನ್ನಿವೇಶಗಳನ್ನು ರಷ್ಯನ್ ಕಚೇರಿ, ಮನೆ, ಆಸ್ಪತ್ರೆಗಳಿಂದಲೇ ಹೊಸದಾಗಿ ಆರಿಸಿ ಬರೆಯಬೇಕು. ಬೇಕಾದದ್ದಕ್ಕಿಂತ ಎರಡು-ಮೂರು ಪಟ್ಟು ಬರೆದಿಟ್ಟುಕೊಳ್ಳಿ, ಅರ್ಧ ಹಾಳಾಗುತ್ತದೆ. ಶೇ. 90ಕ್ಕಿಂತ ಹೆಚ್ಚು ಜನ ಒಂದೇ ಉತ್ತರ ಕೊಟ್ಟ ಪ್ರಶ್ನೆ ಏನನ್ನೂ ಅಳೆಯದು. ಉಳಿದ ಪ್ರಶ್ನೆಗಳ ಅಂಕದ ಮೊತ್ತದೊಂದಿಗೆ 0.2ಕ್ಕಿಂತ ಕಡಿಮೆ ಸಹಸಂಬಂಧ ಇರುವುದನ್ನೂ ಕಿತ್ತುಹಾಕಿ. ಕೀಲಿಯನ್ನು ಭಾವನೆಯ ಸಿದ್ಧಾಂತದಿಂದ ಪಡೆಯಲೂ ಬರುತ್ತದೆ: ನಷ್ಟ ತನ್ನ ಕೈಮೀರಿದ್ದೋ, ಯಾರೋ ಬೇಕೆಂದೇ ಮಾಡಿದ್ದೋ ಎಂಬುದರ ಮೇಲೆ ದುಃಖವೋ ಸಿಟ್ಟೋ ನಿರ್ಧಾರವಾಗುತ್ತದೆ. ಸಂಶೋಧಕರಾದ ಮ್ಯಾಕ್ಯಾನ್, ರಾಬರ್ಟ್ಸ್ 2008ರಲ್ಲಿ ಹೀಗೇ ಮಾಡಿದರು.

ಪ್ರಶ್ನೆಗಳನ್ನು ಆಯ್ದುಕೊಳ್ಳಲು ಬಳಸಿದ ಜನರ ಉತ್ತರಗಳ ಮೇಲೆಯೇ ಅಂಶ ವಿಶ್ಲೇಷಣೆ (ಯಾವ ಪ್ರಶ್ನೆಗಳು ಒಟ್ಟಾಗಿ ಸೇರುತ್ತವೆ ಎಂಬ ಲೆಕ್ಕ) ನಡೆಸಿ ‘ನಾಲ್ಕು ಶಾಖೆ (ಭಾವನೆ ಗುರುತಿಸುವುದು, ಯೋಚನೆಗೆ ಬಳಸುವುದು, ಅರ್ಥಮಾಡಿಕೊಳ್ಳುವುದು, ನಿಭಾಯಿಸುವುದು) ಸಿಕ್ಕವು’ ಎನ್ನುವುದು ಮೋಸ, ಹೊಸ ಜನರ ಗುಂಪೇ ಬೇಕು. ಭಾವನೆಯನ್ನು ಯೋಚನೆಗೆ ಬಳಸುವ ಶಾಖೆ ಎಂಎಸ್‌ಸಿಇಐಟಿಯಲ್ಲೇ ಹಲವು ವಿಶ್ಲೇಷಣೆಗಳಲ್ಲಿ ಪ್ರತ್ಯೇಕವಾಗಿ ನಿಂತಿಲ್ಲ. ಜೊತೆಗೆ ಶಬ್ದಜ್ಞಾನದ ಪರೀಕ್ಷೆಯೊಂದನ್ನು ಕೊಡಲೇಬೇಕು. ಅದರೊಂದಿಗೆ ಸಹಸಂಬಂಧ ತೀರಾ ಹೆಚ್ಚಾದರೆ ನೀವು ಅಳೆದದ್ದು ಓದಿನ ಸಾಮರ್ಥ್ಯ. ಅಂಕ ಸ್ಥಿರವಾಗಿದೆಯೇ ಎಂದು ನೋಡಲು ಎರಡರಿಂದ ನಾಲ್ಕು ವಾರ ಬಿಟ್ಟು ಪರೀಕ್ಷೆಯನ್ನು ಅದೇ ಜನರಿಗೆ ಮತ್ತೆ ಕೊಡಿ.

ಇನ್ನು ಮಾನದಂಡದ ಪಟ್ಟಿ, ಅಂದರೆ ಒಬ್ಬರ ಅಂಕವನ್ನು ಹೋಲಿಸಿ ನೋಡುವ ಇತರರ ಅಂಕಗಳ ಪಟ್ಟಿ. ಸುಲಭಕ್ಕೆ ಸಿಗುವವರು ಮನಶ್ಶಾಸ್ತ್ರ ವಿಭಾಗದ ವಿದ್ಯಾರ್ಥಿಗಳು, ಅವರಲ್ಲಿ ಹೆಚ್ಚಿನವರು ಯುವತಿಯರು. ಇಂಥ ಪರೀಕ್ಷೆಗಳಲ್ಲಿ ಹೆಂಗಸರ ಸರಾಸರಿಯೇ ಮೇಲಿರುತ್ತದೆ. ಆ ಪಟ್ಟಿಯಿಂದ ಕಜಾನ್ ನಗರದ 45 ವರ್ಷದ ಕಾರ್ಖಾನೆ ಮೇಲ್ವಿಚಾರಕನ ಅಂಕ ಓದಿ ಕೆಲಸ ಕೊಡುವುದು, ನಿರಾಕರಿಸುವುದು ಅನ್ಯಾಯ.