ಬಂದ್ರೆ ತಿಳಿಸಿ

ಮಳೆಗಾಲದ ಆಟಿ ತಿಂಗಳ 18ರ ಬೆಳಿಗ್ಗೆ, ಆ ದಿನ ನಮ್ಮ ಕಡೆ ಮಾಡುವ ಪಾಯಸಕ್ಕೆ ಮದ್ದು ಸೊಪ್ಪು ತರುತ್ತೇನೆಂದು ಕತ್ತಿ ಹಿಡಿದು ಹೊರಟ ಪಕ್ಕದ ಮನೆ ಮಾವ ಸಂಜೆಯಾದರೂ ಬರಲಿಲ್ಲ. ಸೊಪ್ಪೂ ಬರಲಿಲ್ಲ. ಮಾವ ನಿವೃತ್ತ ಪೋಸ್ಟ್‌ಮ್ಯಾನ್. ಸಂಪಾಜೆ ಸುತ್ತಮುತ್ತ ಅವರಿಗೆ ಗೊತ್ತಿಲ್ಲದ ವಿಳಾಸವಿಲ್ಲ. ಮಳೆಗೆ ಹಾಳಾಗುತ್ತದೆಂದು ಮೊಬೈಲನ್ನು ಫ್ರಿಜ್ಜಿನ ಮೇಲಿಟ್ಟು ಹೋಗಿದ್ದರು. ತೋಟ, ಗುಡ್ಡದ ಬಾಣೆ, ಹೊಳೆಬದಿ ಎಲ್ಲ ಟಾರ್ಚ್ ಹಾಕಿ ಹುಡುಕಿ, ರಾತ್ರಿ ಹತ್ತಕ್ಕೆ ಅತ್ತೆಯನ್ನು ಜೀಪಿಗೆ ಹತ್ತಿಸಿಕೊಂಡು ಸ್ಟೇಷನ್ನಿಗೆ ಹೋದೆವು.

“24 ಗಂಟೆ ನೋಡಿ. ನೆಂಟರ ಮನೆಗೆ ಹೋಗಿರ್ತಾರೆ” ಎಂದರು ರೈಟರ್.

ಹರಿದ ಲುಂಗಿ ಉಟ್ಟು, ತಲೆಗೆ ಪ್ಲಾಸ್ಟಿಕ್ ಕೊಪ್ಪೆ ಹಾಕಿ, ಕೈಯಲ್ಲಿ ಕತ್ತಿ ಹಿಡಿದು ನೆಂಟರ ಮನೆಗೆ ಹೋಗುವ ಪದ್ಧತಿ ನಮ್ಮ ಕಡೆ ಇನ್ನೂ ಬಂದಿಲ್ಲ. ಆ 24 ಗಂಟೆ ಯಾವ ಕಾಯ್ದೆಯಲ್ಲಿದೆ ಎಂದು ಆಮೇಲೆ ಹುಡುಕಿದೆ. ಅದೂ ಕಾಣೆ. ಮಗು ಕಾಣೆಯಾದರೆ ಎಫ್‌ಐಆರ್ ಹಾಕಲೇಬೇಕೆಂದು ಸುಪ್ರೀಂ ಕೋರ್ಟ್ 2013ರಲ್ಲೇ ಹೇಳಿದೆ. ದೊಡ್ಡವರ ವಿಷಯದಲ್ಲೂ ಒಂದು ದಿನ ಕಾಯಬೇಕೆಂದು ಎಲ್ಲೂ ಬರೆದಿಲ್ಲ.

“ಈ ಸೊಪ್ಪು ಎಲ್ಲಿ ಸಿಗುತ್ತೆ?”

“ಇಲ್ಲೂ ಇದೆ ಸಾರ್, ಚೆಕ್‌ಪೋಸ್ಟ್ ಗೇಟಿನಾಚೆಗೂ ಇದೆ.”

“ಆಚೆಗೆ ಹೋಗಿದ್ರೆ ಸುಳ್ಯ ತಾಲೂಕು. ನಮಗೆ ಬರಲ್ಲ.”

ನಮ್ಮ ಸಂಪಾಜೆಯ ಕಷ್ಟವೇ ಇದು. ಅದೇ ಹೆಸರಿನ ಊರು ಕೊಡಗಿನಲ್ಲೂ ಇದೆ, ದಕ್ಷಿಣ ಕನ್ನಡದಲ್ಲೂ ಇದೆ. ಕಾಣೆಯಾಗುವವರು ಯಾವ ಜಿಲ್ಲೆಯಲ್ಲಿ ಕಾಣೆಯಾಗುತ್ತೇವೆಂದು ಮೊದಲೇ ಚೀಟಿ ಬರೆದಿಟ್ಟು ಹೋಗುವುದು ಒಳ್ಳೆಯದು. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮು, ಯಾವ ಠಾಣೆಯ ಸರಹದ್ದಿನಲ್ಲಿ ನಡೆದಿದ್ದರೂ ದೂರು ತೆಗೆದುಕೊಳ್ಳಿ, ಎಫ್‌ಐಆರ್ ಪ್ರತಿಯನ್ನು ಪುಕ್ಕಟೆ ಕೊಡಿ ಎನ್ನುತ್ತದೆ. ತೆಗೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಬಹುದು. ಮಾವನಿದ್ದಿದ್ದರೆ ತಾವೇ ರಿಜಿಸ್ಟರ್ ಮಾಡಿಸಿ ಕೊಡುತ್ತಿದ್ದರು.

ಮರುದಿನ ಮಧ್ಯಾಹ್ನ ಫಾರಂ ಹೊರಬಂತು.

“ಮೈಬಣ್ಣ?”

“ಕಪ್ಪು” ಎಂದರು ಅತ್ತೆ.

“ಗೋಧಿ ಅಂತ ಬರೀತೀನಿ. ಮೈಕಟ್ಟು ಸಾಧಾರಣ. ಮುಖ ಕೋಲೋ ದುಂಡೋ?”

ಅತ್ತೆ ಯೋಚಿಸಿದರು. ನಲವತ್ತು ವರ್ಷ ನೋಡಿದ ಮುಖಕ್ಕೆ ಆಕಾರವಿದೆಯೆಂದು ಅವರಿಗೆ ಆವತ್ತೇ ಗೊತ್ತಾಗಿದ್ದು. “ಎಡಗೈ ಕಿರುಬೆರಳು ಅರ್ಧ ಇಲ್ಲ, ಕಾಡು ಕಡಿಯುವಾಗ ಹೋಗಿದ್ದು” ಎಂದರು. ಅದಕ್ಕೆ ಜಾಗ ಸಾಲಲಿಲ್ಲ. ಪೇಪರಿನಲ್ಲಿ ಬಂದದ್ದು: 5.5 ಅಡಿ ಎತ್ತರ, ಗೋಧಿ ಮೈಬಣ್ಣ, ಸಾಧಾರಣ ಮೈಕಟ್ಟು, ಕೋಲು ಮುಖ, ಕನ್ನಡ ಮಾತನಾಡುತ್ತಾರೆ. ಫೋಟೊ ಮದುವೆಯದ್ದು, ಪಕ್ಕದಲ್ಲಿ ಅತ್ತೆಯ ಭುಜ ಅರ್ಧ. ಆ ಚಹರೆ ಹಿಡಿದು ಹೊರಟರೆ ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲೇ ಒಂದು ಬಸ್ಸಿಗಾಗುವಷ್ಟು ಮಾವಂದಿರು ಸಿಗುತ್ತಾರೆ.

ತನಿಖೆ ನಡೆಯಲಿಲ್ಲ ಎಂದರೆ ಬಾಯಿಗೆ ಹುಳ ಬಿದ್ದೀತು. ಟವರ್ ಲೊಕೇಶನ್ ತೆಗೆಸಿದರು. ನಾಲ್ಕನೇ ದಿನ ಜೀಪು ನೇರ ಅತ್ತೆಯ ಅಂಗಳಕ್ಕೇ ಬಂತು. ಫ್ರಿಜ್ಜಿನ ಮೇಲೆ ಮೊಬೈಲ್ ಪತ್ತೆಯಾಯಿತು.

ಅಸಲಿ ಆಟ ಶುರುವಾಗಿದ್ದು ಆಮೇಲೆ. ಮನುಷ್ಯ ಏಳು ವರ್ಷ ಸುದ್ದಿಯಿಲ್ಲದೆ ಇದ್ದರೆ ಮಾತ್ರ, ಬದುಕಿದ್ದಾನೆ ಎನ್ನುವವರು ಅದನ್ನು ಸಾಬೀತು ಮಾಡಬೇಕು. ಹಳೇ ಸಾಕ್ಷ್ಯ ಕಾಯ್ದೆಯಲ್ಲಿ 108ನೇ ಕಲಮಾಗಿದ್ದದ್ದು ಹೊಸದರಲ್ಲಿ 111 ಆಗಿದೆ. ನಂಬರು ಬದಲಾಯಿತು, ಏಳು ವರ್ಷ ಹಾಗೇ ಇದೆ. ಅಲ್ಲಿಯವರೆಗೆ ಕಾನೂನಿನ ಕಣ್ಣಿಗೆ ಮಾವ ಗಟ್ಟಿಮುಟ್ಟಾಗಿದ್ದಾರೆ. ಏಳು ತುಂಬಿದ ದಿನ ಮರಣ ಪ್ರಮಾಣಪತ್ರ ತಾನಾಗಿ ಮನೆಗೆ ಬರುವುದಿಲ್ಲ, ಅದಕ್ಕೆ ಸಿವಿಲ್ ಕೋರ್ಟು ಹತ್ತಬೇಕು. ಅಲ್ಲೂ ಎಂದು ಸತ್ತರು ಎಂಬುದನ್ನು ಕಾನೂನು ಊಹಿಸುವುದಿಲ್ಲ ಎಂದು 2004ರಲ್ಲಿ ಸುಪ್ರೀಂ ಕೋರ್ಟ್ ವಿಮೆ ಪ್ರಕರಣವೊಂದರಲ್ಲಿ ಹೇಳಿದೆ. ಅರ್ಥವಿಷ್ಟೆ: ಪಾಲಿಸಿ ಜೀವಂತ ಇರಬೇಕಾದರೆ ಕಂತು ಕಟ್ಟುತ್ತಲೇ ಇರಬೇಕು. ಜಲಪ್ರಳಯವಾದರೆ ಬೇರೆ ದಾರಿ ತೆರೆಯುತ್ತದೆ. 2013ರ ಕೇದಾರನಾಥ ಪ್ರವಾಹದಲ್ಲಿ ಕಾಣೆಯಾದವರ ಮನೆಯವರನ್ನು ಏಳು ವರ್ಷ ಕಾಯಿಸಲಿಲ್ಲ. 2018ರಲ್ಲಿ ಜೋಡುಪಾಲದ, 2020ರಲ್ಲಿ ತಲಕಾವೇರಿಯ ಗುಡ್ಡ ಕುಸಿದ ಮಣ್ಣು ಕೆದಕಿ ಜನರನ್ನು ಹುಡುಕಿದ ಜಿಲ್ಲೆ ನಮ್ಮದು, ಇದರಲ್ಲಿ ನಗುವುದಕ್ಕೇನೂ ಇಲ್ಲ. ಆದರೆ ಒಬ್ಬರೇ ಜಾರಿ ಬಿದ್ದರೆ ಅದು ವಿಕೋಪವಲ್ಲ.

ಇತ್ತ ಬೆಳೆ ಸಾಲ ಕೊಟ್ಟ ಸೊಸೈಟಿಗೆ ಮಾವ ಬದುಕಿದ್ದಾರೆ, ನೋಟಿಸು ಅವರ ಹೆಸರಿಗೇ. ಸಾಲ ನವೀಕರಿಸಿ ಎಂದರೆ ಅವರೇ ಬಂದು ಸಹಿ ಹಾಕಬೇಕು. ರೇಷನ್ ಅಂಗಡಿಗೆ ಮಾವ ಇಲ್ಲ, ಹೆಬ್ಬೆಟ್ಟು ಬೀಳುತ್ತಿಲ್ಲವಲ್ಲ. ಬ್ಯಾಂಕಿನದ್ದು ಇನ್ನೂ ಚೆಂದ. ಕಣ್ಣೆದುರಿಗೆ ಕೂತ ಪಿಂಚಣಿಯ ಮುದುಕರು ಪ್ರತಿ ನವೆಂಬರ್‌ನಲ್ಲಿ ತಾವು ಜೀವಂತ ಎಂದು ಸಾಬೀತು ಮಾಡಬೇಕು, ಕಾಣದ ಮಾವನನ್ನು ಮಾತ್ರ ಕಾನೂನು ಏಳು ವರ್ಷ ಪುರಾವೆ ಕೇಳದೆ ಬದುಕಿಸುತ್ತದೆ. ಕೇಂದ್ರದ ಪಿಂಚಣಿದಾರರಾದ್ದರಿಂದ ಎಫ್‌ಐಆರ್ ಆಗಿ ಆರು ತಿಂಗಳಿಗೆ ಅತ್ತೆಗೆ ಕುಟುಂಬ ಪಿಂಚಣಿ ಸಿಗುವ ನಿಯಮವೇನೋ ಇದೆ. ಅದಕ್ಕೆ ‘ಪತ್ತೆಯಾಗಿಲ್ಲ’ ಎಂಬ ಪೊಲೀಸ್ ವರದಿ ಬೇಕು. ವರದಿ ಕೇಳಿದರೆ “ಹುಡುಕ್ತಾ ಇದೀವಲ್ಲಮ್ಮ” ಎನ್ನುತ್ತಾರೆ.

ಪಹಣಿಯ ವಿಷಯದಲ್ಲಿ ಮಾತ್ರ ತೊಂದರೆಯಿಲ್ಲ. ತಲೆಮಾರುಗಳಿಂದ ಬಂದ ನಮ್ಮ ಜಮ್ಮಾ ಜಾಗಗಳ ಪಹಣಿಯಲ್ಲಿ ಅಜ್ಜನ ಅಜ್ಜಂದಿರು ಪಟ್ಟೇದಾರರಾಗಿ ಇವತ್ತಿಗೂ ಆರಾಮ ಇದ್ದಾರೆ. ಅವರ ನಡುವೆ ಮಾವನಿಗೆ ಏಳು ವರ್ಷವಲ್ಲ, ಎಪ್ಪತ್ತು ವರ್ಷ ಕಳೆದರೂ ಯಾರೂ ಕೇಳುವುದಿಲ್ಲ.

ಅತ್ತೆಗೆ ಬೇರೆ ಫೋನಿಲ್ಲ. ಹಾಗಾಗಿ ಪ್ರಕಟಣೆಯಲ್ಲಿ ‘ಸುಳಿವು ಸಿಕ್ಕಿದಲ್ಲಿ ಸಂಪರ್ಕಿಸಿ’ ಎಂದು ಠಾಣೆಯ ನಂಬರಿನ ಕೆಳಗೆ ಮಾವನ ನಂಬರೇ ಬಿತ್ತು. ಅದು ಕಟ್ಟಾಗಬಾರದೆಂದು ಅತ್ತೆ ತಿಂಗಳಿಗೊಮ್ಮೆ ರೀಚಾರ್ಜ್ ಮಾಡಿಸುತ್ತಾರೆ. ಮೊನ್ನೆ ನಾನು ಅಲ್ಲಿದ್ದಾಗಲೇ ರಿಂಗಾಯಿತು. ಅತ್ತೆ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಓಡಿ ಬಂದು ಎತ್ತಿದರು.

“ಸ್ಟೇಷನ್ನಿಂದಮ್ಮ. ಫೈಲ್ ಅಪ್‌ಡೇಟ್ ಮಾಡ್ಬೇಕಿತ್ತು. ಯಜಮಾನ್ರು ಬಂದ್ರಾ?”

“ಇಲ್ಲ ಸಾರ್.”

“ಬಂದ್ರೆ ತಿಳಿಸಿ.”