ಕಿತ್ತ ಬೀಗದ ಹಿಂದಿನ ಕಥೆ

ಹೊಸ ರಿವಾಲ್ವರ್‌ಗಳ ಒಳಬೀಗವನ್ನು, ಅಂದರೆ ಕೀಲಿ ತಿರುಗಿಸಿ ಗುಂಡು ಹಾರದಂತೆ ಮಾಡುವ ಬೀಗವನ್ನು, ಅಮೆರಿಕದಲ್ಲಿ ಕೆಲವರು ಕಿತ್ತು ಹಾಕುತ್ತಾರೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಲ್ಲಿನ ಗನ್ ಕಂಪನಿ ಸ್ಮಿತ್ ಅಂಡ್ ವೆಸನ್ ವಿಷಯದಲ್ಲಿ ಒಂದು ತಮಾಷೆ ಬಿಟ್ಟುಹೋಗಿದೆ. 2000ರಲ್ಲಿ ಆ ಕಂಪನಿ ಗನ್‌ಗೆ ಬೀಗ ಹಾಕುವುದೂ ಸೇರಿ ಸುರಕ್ಷತೆಯ ಷರತ್ತುಗಳಿಗೆ ಒಪ್ಪಿ ಕ್ಲಿಂಟನ್ ಸರ್ಕಾರದ ಜೊತೆ ಒಪ್ಪಂದ ಮಾಡಿಕೊಂಡಿತು. ಗಿರಾಕಿಗಳು ಸಿಟ್ಟಾಗಿ ಬಹಿಷ್ಕಾರ ಹಾಕಿದರು. ಮರುವರ್ಷ ಸ್ಮಿತ್ ಅಂಡ್ ವೆಸನ್ನನ್ನು ಕೊಂಡಿದ್ದೇ ಗನ್ ಬೀಗದ ಕಂಪನಿ, ಸೇಫ್-ಟಿ-ಹ್ಯಾಮರ್! ಆಮೇಲೆ ರಿವಾಲ್ವರ್‌ಗಳ ಎಡಬದಿಯಲ್ಲಿ ಒಳಬೀಗದ ಕೀಲಿ ತೂತು ಬಂತು. ಹಾಗಾಗಿ ಬೀಗ ಕೀಳುವವರ ಕೋಪದಲ್ಲಿ ಅರ್ಧ ರಾಜಕೀಯ, ಅಲ್ವಾ? ಹಗುರ ಗನ್‌ನಲ್ಲಿ ಜೋರು ಗುಂಡು ಹಾರಿಸಿದರೆ ಒದೆತಕ್ಕೆ ಬೀಗ ತಾನಾಗಿ ಹಾಕಿಕೊಂಡು ಗನ್ ನಿಂತೀತು ಅನ್ನೋ ಭಯವೂ ಇದೆ, ಅದು ಸುಮ್ನೆ ಅಲ್ಲ. ಆದರೆ ಬೀಗವಿಲ್ಲದ ಮಾದರಿಗಳನ್ನೂ ಕಂಪನಿಯೇ ಮಾರುತ್ತದೆ. ಅದನ್ನೇ ಕೊಳ್ಳಬಹುದಲ್ಲ?

ನಮ್ಮದು ಬಳ್ಳಾರಿ ಜಿಲ್ಲೆಯ ದರೋಜಿ ಕಡೆ. ಶೇಂಗಾ ಹೊಲಕ್ಕೆ ಹಂದಿ, ಕರಡಿ ಕಾಟ ಜಾಸ್ತಿ. ಬೆಳೆ ರಕ್ಷಣೆಗೆ ಅಂತ ಲೈಸೆನ್ಸ್ ಇರೋ ಅಜ್ಜನ ಒಂಟಿ ನಳಿಗೆ ಕೋವಿ ಇದೆ. ಚುನಾವಣೆ ಬಂದರೆ ಠಾಣೆಗೆ ಒಪ್ಪಿಸಿ ಬರುತ್ತೇವೆ. ಅದಕ್ಕೆ ಒಳಬೀಗ ಗೀಗ ಏನೂ ಇಲ್ಲ. ಕೋವಿ ಪೆಟ್ಟಿಗೆಯಲ್ಲಿ, ತೋಟಾ ಬೇರೆ ಟ್ರಂಕಿನಲ್ಲಿ, ಎರಡರ ಕೀಲಿಯೂ ಅವ್ವನ ಸೊಂಟದಲ್ಲಿ. ಆ ಬೀಗವನ್ನು ಕಿತ್ತು ತೋರಿಸಲಿ ನೋಡೋಣ.