ದೇವಿಯಿಂದ ಬಡ್ಡಿಗೆ ತಂದ ಸಾಲ

ಊರ ದೇವಸ್ಥಾನದ ಜೀರ್ಣೋದ್ಧಾರಕ್ಕೆ ಇಲ್ಲಿಂದ ದುಡ್ಡು ಕಳಿಸಿದ್ದೆ. ಖರ್ಚಿನ ಪಟ್ಟಿಯನ್ನು ವಾಟ್ಸಾಪ್ ಗುಂಪಿಗೆ ಹಾಕ್ತೀರಾ ಅಂತ ಕೇಳಿದೆ, ಅಷ್ಟೇ. ಸಮಿತಿಯಲ್ಲಿರುವ ದೊಡ್ಡಪ್ಪನ ಫೋನ್ ಬಂತು. "ದೇವರ ದುಡ್ಡಿಗೆ ಯಾರಾದ್ರೂ ಲೆಕ್ಕ ಕೇಳ್ತಾರೇನೋ?"

ನಾನಿರುವುದು ಅಥೆನ್ಸ್‌ನಲ್ಲಿ. ದೇವರ ದುಡ್ಡಿನ ಲೆಕ್ಕವನ್ನು ಕಲ್ಲಿಗೆ ಕೆತ್ತಿಸಿದ ಊರು ಇದು. ದೊಡ್ಡಪ್ಪನ ಮುಂದೆ ಬಾಯಿ ಬರಲಿಲ್ಲ, ಇಲ್ಲಿ ಹೇಳುತ್ತೇನೆ.

ಪರ್ಷಿಯನ್ನರನ್ನು ಓಡಿಸಿದ ಮೇಲೆ ಗ್ರೀಕ್ ಊರುಗಳು ಒಂದು ಕೂಟ ಕಟ್ಟಿಕೊಂಡಿದ್ದವು. ಅದರ ಹಣ ಡೀಲೋಸ್ ದ್ವೀಪದಲ್ಲಿತ್ತು. ಕ್ರಿ.ಪೂ. 454ರಲ್ಲಿ ಅದು ಅಥೆನ್ಸ್‌ಗೆ ಬಂತು. ಬರುವ ಕಪ್ಪದಲ್ಲಿ 60ಕ್ಕೆ ಒಂದು ಪಾಲು ಅಥೇನಾ ದೇವಿಗೆ. ಯಾವ ಊರಿನ ಬಾಬ್ತು ಎಷ್ಟು ಅಂತ ಎರಡಾಳೆತ್ತರದ ಅಮೃತಶಿಲೆಗೆ ಕೆತ್ತಿ, ಊರ ನಡುವೆ ದೇವಸ್ಥಾನಗಳಿರುವ ಆಕ್ರೊಪೊಲಿಸ್ ಗುಡ್ಡದ ಮೇಲೆ ನಿಲ್ಲಿಸಿದರು. ಅದರ ಚೂರುಗಳನ್ನು ಜೋಡಿಸಿ ಇಲ್ಲಿನ ಶಾಸನಗಳ ಮ್ಯೂಸಿಯಂನಲ್ಲಿ ಇಟ್ಟಿದ್ದಾರೆ. ಪ್ರವಾಸಿಗರೆಲ್ಲ ಪಕ್ಕದ ದೊಡ್ಡ ಮ್ಯೂಸಿಯಂಗೆ ಚಿನ್ನದ ಮುಖವಾಡ ನೋಡಲು ಹೋಗುತ್ತಾರೆ. ಹಾಗಾಗಿ ಇಲ್ಲಿ ನೆಮ್ಮದಿಯಾಗಿ ನಿಂತು ನೋಡಬಹುದು. ಚೌಕುಳಿ ಹಾಳೆಯಲ್ಲಿ ಬರೆದ ಹಾಗೆ ಅಕ್ಷರದ ಕೆಳಗೆ ಅಕ್ಷರ. ಊರ ಹೆಸರು, ಪಕ್ಕದಲ್ಲಿ ಮೊತ್ತ.

ಕ್ರಿ.ಪೂ. 447ರಿಂದ 432ರವರೆಗೆ ನಡೆದ, ಅಥೇನಾ ದೇವಿಯ ಗುಡಿಯಾದ ಪಾರ್ಥೆನಾನ್‌ನ ಕೆಲಸಕ್ಕೂ ವರ್ಷ ವರ್ಷದ ಜಮಾ-ಖರ್ಚು ಕಲ್ಲಿನಲ್ಲೇ. ಮರುವರ್ಷ ಇನ್ನೊಂದು ಗ್ರೀಕ್ ಊರಾದ ಸ್ಪಾರ್ಟಾ ಜೊತೆ ಯುದ್ಧ ಶುರುವಾಯಿತು. ದುಡ್ಡಿಗೆ ಕೈ ಕಟ್ಟಿದಾಗ ಅಥೆನ್ಸ್ ದೇವಿಯ ಭಂಡಾರದಿಂದಲೇ ಸಾಲ ಎತ್ತಿತು. ಎತ್ತಿದ ದಿನ, ಯಾವ ಸೇನಾಪತಿಯ ಕೈಗೆ ಕೊಟ್ಟಿದ್ದು, ಅಸಲೆಷ್ಟು, ಬಡ್ಡಿ ಎಷ್ಟು ಅಂತ ಎಲ್ಲ ಕೆತ್ತಿಸಿದರು. ದೇವಿಗೆ ಬಡ್ಡಿ! ದೊಡ್ಡಪ್ಪ ಕೇಳಿದ್ದರೆ ಎದೆ ಹಿಡಿದುಕೊಳ್ಳುತ್ತಿದ್ದರು.

ನಮ್ಮಲ್ಲಿ ಕಲ್ಲಿಗೇನು ಬರವಿತ್ತೇ? ದತ್ತಿ ಶಾಸನಗಳಲ್ಲಿ ರಾಜನ ಬಿರುದುಗಳದ್ದೇ ಅರ್ಧ ಪಾಲು. ಕೊನೆಗೆ, ಇದನ್ನು ಕಸಿದವನು 60 ಸಾವಿರ ವರ್ಷ ಹೇಲಿನ ಹುಳುವಾಗಿ ಹುಟ್ಟುತ್ತಾನೆ ಅಂತ ಶಾಪ. ಲೆಕ್ಕ ಕೊಡುವುದಕ್ಕಿಂತ ಶಾಪ ಹಾಕುವುದು ಸುಲಭ, ಅಲ್ವಾ? ಗದ್ದೆಯ ನಾಲ್ಕೂ ಎಲ್ಲೆಯನ್ನು ಕೆರೆ, ಬಂಡೆ, ಮರದ ಗುರುತು ಹಿಡಿದು ಬರೆಸಿದ್ದಾರೆ ಅನ್ನುವುದನ್ನು ಒಪ್ಪಿಕೊಳ್ಳಬೇಕು. ಆ ಶಾಪದ ಭಯಕ್ಕೇ ಎಷ್ಟೋ ಗುಡಿಗಳ ದೀಪ ಆರಲಿಲ್ಲ ಅಂತ ಯಾರಾದರೂ ವಾದಿಸಿದರೆ ಅದನ್ನೂ ಪೂರ್ತಿ ತಳ್ಳಿಹಾಕಲಾರೆ.

ಇನ್ನು ಅಥೆನ್ಸ್ ಕಡೆಯದನ್ನೂ ಹೇಳದಿದ್ದರೆ ಮೋಸ. ಕಪ್ಪ ಎಷ್ಟು ಅಂತ ಕೊನೆಯ ಮಾತು ಹೇಳುತ್ತಿದ್ದದ್ದು ಅಥೆನ್ಸೇ, ಕೊಟ್ಟ ದ್ವೀಪದವರಲ್ಲ. 425ರಲ್ಲಿ ಕಪ್ಪವನ್ನು ವಿಪರೀತ ಏರಿಸಿ, ಆ ತೀರ್ಮಾನವನ್ನೂ ಕಲ್ಲಿಗೆ ಹತ್ತಿಸಿದರು. ತಲೆಬಾಗುವುದಿಲ್ಲ ಎಂದ ಮೀಲೋಸ್ ದ್ವೀಪದ ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರಾಗಿ ಮಾರಿದರು. 413ರಲ್ಲಿ ಸಿಸಿಲಿಗೆ ಹೋದ ಪಡೆ ಪೂರ್ತಿ ನಾಶವಾಯಿತು. ಕೊನೆಕೊನೆಗೆ ವಿಜಯದೇವತೆಯ ಚಿನ್ನದ ವಿಗ್ರಹಗಳನ್ನೇ ಕರಗಿಸಿ ನಾಣ್ಯ ಹೊಡೆದರು. 404ರಲ್ಲಿ ಶರಣಾದಾಗ, ಬಡ್ಡಿ ಹಾಗಿರಲಿ, ಅಸಲು ತೀರಿಸುವ ಶಕ್ತಿಯೂ ಅಥೆನ್ಸ್‌ಗೆ ಉಳಿದಿರಲಿಲ್ಲ.